ಧ್ವನಿ ತಂತ್ರಾಂಶ ಪದೇ ಪದೇ ಕ್ರ್ಯಾಶ್ ಆದಾಗ ಕಾರಣವನ್ನು ಪತ್ತೆಹಚ್ಚುವ ಬಗೆ

ಧ್ವನಿಮುದ್ರಣದ ಎಡಿಟರ್ ಆಗಲಿ, ಈಕ್ವಲೈಜರ್ ಆಗಲಿ, ಸೌಂಡ್ ಕಾರ್ಡ್ ಜೊತೆಗೆ ಬರುವ ನಿಯಂತ್ರಣ ಫಲಕವಾಗಲಿ, ಧ್ವನಿಗೆ ಸಂಬಂಧಿಸಿದ ತಂತ್ರಾಂಶವೊಂದು ತೆರೆದ ಕೂಡಲೇ ಅಥವಾ ಕೆಲಸದ ನಡುವೆ ತಾನಾಗಿ ಮುಚ್ಚಿಕೊಳ್ಳತೊಡಗಿದಾಗ ಹೆಚ್ಚಿನವರು ಮೊದಲು ಮಾಡುವುದು ಅದನ್ನು ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವ ಕೆಲಸವನ್ನು. ಅದರಿಂದ ಕೆಲವೊಮ್ಮೆ ತೊಂದರೆ ನಿಲ್ಲುವುದೂ ಉಂಟು. ಆದರೆ ಕಳ್ಳತನವಾದ ಮನೆಯಲ್ಲಿ ಹೆಜ್ಜೆಗುರುತುಗಳನ್ನು ನೋಡುವ ಮೊದಲೇ ನೆಲ ಒರೆಸಿದರೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗುತ್ತದೆ: ಕಾರಣ ತಿಳಿಯದೆ ಉಳಿಯುತ್ತದೆ, ಮುಂದಿನ ಅಪ್‌ಡೇಟ್ ಬಂದ ಮೇಲೆ ತೊಂದರೆ ಮರಳಿದರೆ ಹಿಡಿದು ಹೊರಡಲು ಒಂದು ಸುಳಿವೂ ಇರುವುದಿಲ್ಲ. ಅದೂ ಅಲ್ಲದೆ ಹೆಚ್ಚಿನ ತಂತ್ರಾಂಶಗಳು ತಮ್ಮನ್ನು ತೆಗೆದುಹಾಕಿದ ಮೇಲೂ ಬಳಕೆದಾರರ ಸೆಟ್ಟಿಂಗ್ಸ್ ಕಡತಗಳನ್ನು ಹಾಗೆಯೇ ಬಿಟ್ಟುಹೋಗುತ್ತವೆ. ಕೆಟ್ಟಿರುವುದು ಆ ಕಡತವೇ ಆಗಿದ್ದರೆ ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಪ್ರಯೋಜನವಿಲ್ಲ.

ಧ್ವನಿ ತಂತ್ರಾಂಶಗಳ ವಿಷಯದಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು, ಬಿದ್ದದ್ದು ಒಂದು, ಬೀಳಿಸಿದ್ದು ಇನ್ನೊಂದು ಆಗಿರುವ ಸಾಧ್ಯತೆ ಇಲ್ಲಿ ಬಹಳ ಹೆಚ್ಚು ಎಂಬುದು. ಒಂದು ಪಠ್ಯ ಸಂಪಾದಕ ಬಹುಮಟ್ಟಿಗೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಧ್ವನಿ ತಂತ್ರಾಂಶ ಹಾಗಲ್ಲ. ಅದು ಆಪರೇಟಿಂಗ್ ಸಿಸ್ಟಮ್‌ನ ಧ್ವನಿ ಸೇವೆಯನ್ನು ಮಾತಾಡಿಸಬೇಕು, ಆ ಸೇವೆ ಡ್ರೈವರನ್ನು (ಸಾಧನವನ್ನು ನಡೆಸುವ ತಂತ್ರಾಂಶವನ್ನು), ಡ್ರೈವರ್ ಸಾಧನವನ್ನು ಮಾತಾಡಿಸಬೇಕು. ಜೊತೆಗೆ, ಬೇರೆ ಬೇರೆಯವರು ಬರೆದ ಪ್ಲಗಿನ್‌ಗಳೂ (ಮುಖ್ಯ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು), ಧ್ವನಿ ತಡವಾಗದಂತೆ ಸಾಧನವನ್ನು ನೇರವಾಗಿ ತಲುಪುವ ಆಸಿಯೋ ಮಾದರಿಯ ಡ್ರೈವರ್‌ಗಳ ಒಂದು ಭಾಗವೂ ಸಾಮಾನ್ಯವಾಗಿ ಮುಖ್ಯ ತಂತ್ರಾಂಶದ ಸ್ಮೃತಿಯೊಳಗೇ (ಮೆಮೊರಿ) ಬಂದು ಕೂರುತ್ತವೆ. ಹಾಗೆ ಒಳಗೆ ಬಂದದ್ದು ಒಂದು ತಪ್ಪು ಹೆಜ್ಜೆ ಇಟ್ಟರೂ ಆಪರೇಟಿಂಗ್ ಸಿಸ್ಟಮ್ ಇಡೀ ತಂತ್ರಾಂಶವನ್ನೇ ಮುಚ್ಚಿಬಿಡುತ್ತದೆ, ಪರದೆಯ ಮೇಲೆ ಮಾತ್ರ ಮುಖ್ಯ ತಂತ್ರಾಂಶದ ಹೆಸರೇ ಕಾಣುತ್ತದೆ. ಆದ್ದರಿಂದ ಇಲ್ಲಿ ಹುಡುಕಬೇಕಾದದ್ದು ತಂತ್ರಾಂಶದ ದೋಷವನ್ನಲ್ಲ, ಯಾವ ಪದರದಲ್ಲಿ ದೋಷವಿದೆ ಎಂಬುದನ್ನು. ಮನೆಗಳಲ್ಲಿ ಹೆಚ್ಚಾಗಿ ವಿಂಡೋಸ್ ಇರುವುದರಿಂದ ಕೆಳಗಿನ ವಿವರಗಳು ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ. ಮ್ಯಾಕ್ ಮತ್ತು ಲಿನಕ್ಸ್ ಬಗ್ಗೆ ಕೊನೆಯ ಕಡೆ ಹೇಳಿದೆ.

ಯಾವ ಘಟ್ಟದಲ್ಲಿ ಮುಚ್ಚಿಕೊಳ್ಳುತ್ತದೆ?

ಏನನ್ನೂ ಬದಲಿಸುವ ಮುನ್ನ ತಂತ್ರಾಂಶವನ್ನು ಮತ್ತೊಮ್ಮೆ ತೆರೆದು, ಅದು ನಿಖರವಾಗಿ ಯಾವ ಘಟ್ಟದಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಕಿಟಕಿ ಕಾಣಿಸಿಕೊಳ್ಳುವ ಮೊದಲೇ ಮಾಯವಾದರೆ ಅಗತ್ಯವಾದ ಲೈಬ್ರರಿ ಕಡತವೊಂದು (ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕಡತ) ಇಲ್ಲದಿರುವುದು, ಸೆಟ್ಟಿಂಗ್ಸ್ ಕೆಟ್ಟಿರುವುದು ಅಥವಾ ಪ್ಲಗಿನ್ ಪರಿಶೀಲನೆಯಲ್ಲಿ ಎಡವಿರುವುದು ಕಾರಣವಿರಬಹುದು. ಸಾಧನವನ್ನು ಆಯ್ಕೆ ಮಾಡಿದಾಗ, ಪ್ಲೇ ಅಥವಾ ರೆಕಾರ್ಡ್ ಗುಂಡಿ ಒತ್ತಿದ ಕ್ಷಣದಲ್ಲಿ ಬಿದ್ದರೆ ಡ್ರೈವರ್ ಕಡೆಗೆ ನೋಡಬೇಕು. ಒಂದು ನಿರ್ದಿಷ್ಟ ಕಡತವನ್ನು ತೆರೆದಾಗ ಮಾತ್ರ ಬಿದ್ದರೆ ಕಡತವನ್ನೇ ಅನುಮಾನಿಸಬೇಕು. ಬಹಳ ಹೊತ್ತು ಕೆಲಸ ಮಾಡಿದ ಮೇಲೆ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಎಂದು ಗೊತ್ತುಗುರಿಯಿಲ್ಲದೆ ಬಿದ್ದರೆ ಸ್ಮೃತಿ ಸೋರಿಕೆ (ಬಳಸಿದ ಸ್ಮೃತಿಯನ್ನು ತಂತ್ರಾಂಶ ಮರಳಿಸದಿರುವುದು), ಡಿಸ್ಕ್ ತುಂಬಿರುವುದು ಅಥವಾ ರ‍್ಯಾಮ್ ದೋಷ ಇರಬಹುದು. ಕೆಲಸವೆಲ್ಲ ಮುಗಿದು ತಂತ್ರಾಂಶವನ್ನು ಮುಚ್ಚುವಾಗ ಮಾತ್ರ ದೋಷದ ಸಂದೇಶ ಬರುತ್ತಿದ್ದರೆ, ಕೆಲಸ ಸರಿಯಾಗಿ ಉಳಿದಿದೆಯೇ ಎಂದು ನೋಡಿಕೊಂಡು ಅದನ್ನು ಬಿಟ್ಟುಬಿಡಬಹುದು ಎಂಬುದು ನನ್ನ ಅಭಿಪ್ರಾಯ. ಅದು ಹೆಚ್ಚಾಗಿ ಯಾವುದೋ ಪ್ಲಗಿನ್ ಅಥವಾ ಡ್ರೈವರ್ ಹೊರಹೋಗುವಾಗ ಎಡವಿದ್ದಷ್ಟೇ ಆಗಿರುತ್ತದೆ.

ಕ್ರ್ಯಾಶ್ ಅಲ್ಲದ್ದನ್ನು ಕ್ರ್ಯಾಶ್ ಎಂದು ತಿಳಿಯುವುದೂ ಸಾಮಾನ್ಯವೇ. ಎರಡು ಮಾನಿಟರ್ ಬಳಸುತ್ತಿದ್ದು ಒಂದನ್ನು ಈಗ ತೆಗೆದಿದ್ದರೆ, ತಂತ್ರಾಂಶದ ಕಿಟಕಿ ಇಲ್ಲದ ಮಾನಿಟರ್‌ನ ಜಾಗದಲ್ಲಿ ತೆರೆದುಕೊಂಡು ಕಣ್ಣಿಗೆ ಬೀಳದೆ ಇರಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ತಂತ್ರಾಂಶದ ಹೆಸರು ಅಲ್ಲಿದ್ದರೆ ಅದು ಬಿದ್ದಿಲ್ಲ. ಟಾಸ್ಕ್‌ಬಾರ್‌ನಲ್ಲಿ ಅದನ್ನು ಆಯ್ದು ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳ ಜೊತೆ ಬಾಣದ ಕೀಲಿ ಒತ್ತಿದರೆ ಕಿಟಕಿ ಈಚೆ ಬರುತ್ತದೆ.

ಕಂಪ್ಯೂಟರ್ ಬರೆದಿಟ್ಟಿರುವ ದಾಖಲೆ

ತಂತ್ರಾಂಶವೊಂದು ಹಠಾತ್ತನೆ ಮುಚ್ಚಿಕೊಂಡಾಗ ವಿಂಡೋಸ್ ಅದರ ದಾಖಲೆಯನ್ನು ಬರೆದಿಡುತ್ತದೆ. ಅದನ್ನು ನೋಡಲು ಎರಡು ದಾರಿಗಳಿವೆ. ಸುಲಭದ ದಾರಿ ರಿಲಯಬಿಲಿಟಿ ಮಾನಿಟರ್. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ಸಿಗುತ್ತದೆ. ದಿನದಿನದ ಲೆಕ್ಕದಲ್ಲಿ ಒಂದು ನಕ್ಷೆ ತೆರೆದುಕೊಂಡು, ಯಾವ ದಿನ ಯಾವ ತಂತ್ರಾಂಶ ಬಿದ್ದಿತು ಎಂಬುದನ್ನು ಕೆಂಪು ಗುರುತಿನಿಂದ ತೋರಿಸುತ್ತದೆ. ಇದರ ನಿಜವಾದ ಉಪಯೋಗ ಬೇರೆಯೇ ಇದೆ: ಅದೇ ನಕ್ಷೆಯಲ್ಲಿ ಯಾವ ದಿನ ಯಾವ ಅಪ್‌ಡೇಟ್, ಯಾವ ಡ್ರೈವರ್ ಬಂದು ಕುಳಿತಿತು ಎಂಬುದೂ ಕಾಣುತ್ತದೆ. ಮೊದಲ ಕೆಂಪು ಗುರುತಿನ ದಿನ ಅಥವಾ ಅದರ ಹಿಂದಿನ ದಿನ ಏನು ಬದಲಾಯಿತು ಎಂದು ನೋಡಿದರೆ ಎಷ್ಟೋ ಸಲ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಇನ್ನೂ ವಿವರ ಬೇಕಾದರೆ ಇವೆಂಟ್ ವ್ಯೂವರ್ ತೆರೆದು, ಎಡಗಡೆ ವಿಂಡೋಸ್ ಲಾಗ್ಸ್ ಅಡಿಯಲ್ಲಿ ಅಪ್ಲಿಕೇಶನ್ ಎಂಬುದನ್ನು ಆರಿಸಬೇಕು. ಅಲ್ಲಿ ಸಾವಿರಾರು ಸಾಲುಗಳಿರುತ್ತವೆ. ಹೆದರಬೇಕಾಗಿಲ್ಲ, ಅವುಗಳಲ್ಲಿ ಬಹುಪಾಲು ನಿರುಪದ್ರವಿ. ನಮಗೆ ಬೇಕಾದದ್ದು ತಂತ್ರಾಂಶ ಬಿದ್ದ ಸಮಯಕ್ಕೆ ಹೊಂದುವ, ಇವೆಂಟ್ ಸಂಖ್ಯೆ 1000 ಇರುವ ಅಪ್ಲಿಕೇಶನ್ ಎರರ್ ಎಂಬ ಸಾಲು. ತಂತ್ರಾಂಶ ಮುಚ್ಚಿಕೊಳ್ಳದೆ ಸ್ತಬ್ಧವಾಗಿ ನಿಂತಿದ್ದರೆ ಸಂಖ್ಯೆ 1002 ಇರುತ್ತದೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವ್ಯವಸ್ಥೆ ಬಳಸಿ ಬರೆದ ತಂತ್ರಾಂಶವಾಗಿದ್ದರೆ 1026 ಸಂಖ್ಯೆಯ ಸಾಲೂ ಜೊತೆಗಿರುತ್ತದೆ. ಸಾವಿರದ ಸಾಲಿನ ವಿವರದಲ್ಲಿ ಎರಡು ಅಂಶಗಳನ್ನು ಬರೆದುಕೊಳ್ಳಿ: ಫಾಲ್ಟಿಂಗ್ ಮಾಡ್ಯೂಲ್ ಎಂದು ತೋರಿಸಿರುವ ಕಡತದ ಹೆಸರು ಮತ್ತು ಎಕ್ಸೆಪ್ಶನ್ ಕೋಡ್.

ಮಾಡ್ಯೂಲ್ ಹೆಸರು ಪ್ಲಗಿನ್‌ನದೋ ಡ್ರೈವರ್ ತಯಾರಕರದೋ ಆಗಿದ್ದರೆ ಅಪರಾಧಿ ಬಹುಮಟ್ಟಿಗೆ ಸಿಕ್ಕಂತೆಯೇ. ಆದರೆ ಎನ್‌ಟಿಡಿಎಲ್‌ಎಲ್, ಕರ್ನಲ್‌ಬೇಸ್, ಯುಸಿಆರ್‌ಟಿಬೇಸ್ ಎಂಬ ಹೆಸರುಗಳು ಕಂಡರೆ ಅವುಗಳ ಮೇಲೆ ದೋಷ ಹೊರಿಸಿ, ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಸಿಗುವ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ) ಕಡತಗಳನ್ನು ಇಳಿಸಿಕೊಂಡು ಬದಲಿಸಲು ಹೋಗಬಾರದು. ಅವು ವಿಂಡೋಸ್‌ನ ಮೂಲ ಕಡತಗಳು; ಎಲ್ಲ ತಂತ್ರಾಂಶಗಳೂ ಅವುಗಳ ಮೂಲಕವೇ ಹಾದುಹೋಗುವುದರಿಂದ ಬೇರೆಯವರ ತಪ್ಪು ಅಲ್ಲಿ ಬಯಲಾಗುತ್ತದೆ, ಅಷ್ಟೆ. ಬಿಡಿ ಡಿಎಲ್‌ಎಲ್ ಹಂಚುವ ತಾಣಗಳಿಂದ ಆಗುವ ಹಾನಿ ಮೂಲ ತೊಂದರೆಗಿಂತ ದೊಡ್ಡದಾಗಬಹುದು.

ಕೋಡ್‌ಗಳಲ್ಲಿ ಕೆಲವನ್ನು ತಿಳಿದಿದ್ದರೆ ಸಾಕು. ಸಿ0000005 ಎಂದು ಕೊನೆಗೊಳ್ಳುವುದು ತನ್ನದಲ್ಲದ ಸ್ಮೃತಿಗೆ ಕೈಹಾಕಿದ್ದನ್ನು ಸೂಚಿಸುತ್ತದೆ; ಇದು ತೀರ ಸಾಮಾನ್ಯವಾದ್ದರಿಂದ ಇದೊಂದೇ ಹೆಚ್ಚೇನೂ ಹೇಳುವುದಿಲ್ಲ, ಮಾಡ್ಯೂಲ್ ಹೆಸರಿನ ಜೊತೆ ಸೇರಿಸಿ ಓದಬೇಕು. ಸಿ000007ಬಿ ಎಂದರೆ ಹೆಚ್ಚಾಗಿ 32 ಬಿಟ್ ಮತ್ತು 64 ಬಿಟ್ ಕಡತಗಳು ಕಲಬೆರಕೆಯಾಗಿವೆ ಎಂದರ್ಥ. ಸಿ0000135 ಬಂದರೆ ತಂತ್ರಾಂಶಕ್ಕೆ ಬೇಕಾದ ಲೈಬ್ರರಿಯೊಂದು ಸಿಕ್ಕಿಲ್ಲ. ಸಿ000001ಡಿ ಎಂಬುದು ಪ್ರೊಸೆಸರ್‌ಗೆ ಅರ್ಥವಾಗದ ಆದೇಶ ಬಂದಿದೆ ಎನ್ನುತ್ತದೆ. ಹಳೆಯ ಕಂಪ್ಯೂಟರ್‌ನಲ್ಲಿ ಹೊಸ ಆವೃತ್ತಿಯ ತಂತ್ರಾಂಶ ಅಥವಾ ಪ್ಲಗಿನ್ ಹಾಕಿದಾಗ ಇದು ಕಾಣಿಸಿಕೊಳ್ಳುತ್ತದೆ, ಆಗ ಹಿಂದಿನ ಆವೃತ್ತಿಗೆ ಮರಳುವುದೇ ದಾರಿ. ಇ0434352 ಡಾಟ್‌ನೆಟ್ ದೋಷ. ಅದರ ಪೂರ್ತಿ ವಿವರಕ್ಕೆ 1026ರ ಸಾಲನ್ನು ಓದಬೇಕು.

ದಾಖಲೆಯೇ ಇಲ್ಲದಿದ್ದರೆ? ಆಗ ಬಹುಶಃ ತಂತ್ರಾಂಶ ಬಿದ್ದಿಲ್ಲ, ತಾನಾಗಿ ಹೊರನಡೆದಿದೆ ಅಥವಾ ಬೇರೆ ಯಾವುದೋ ಅದನ್ನು ನಿಲ್ಲಿಸಿದೆ. ಆಂಟಿವೈರಸ್‌ನ ಇತಿಹಾಸವನ್ನು ನೋಡಬೇಕಾದ ಸಂದರ್ಭ ಇದು.

ಸೆಟ್ಟಿಂಗ್ಸ್ ಕಡತಗಳನ್ನು ಪಕ್ಕಕ್ಕಿಡುವುದು

ತಂತ್ರಾಂಶವನ್ನು ತೆಗೆದುಹಾಕುವ ಬದಲು ಅದರ ಸೆಟ್ಟಿಂಗ್ಸ್ ಫೋಲ್ಡರನ್ನು ಪಕ್ಕಕ್ಕಿಟ್ಟು ನೋಡುವುದು ಹೆಚ್ಚು ಫಲ ಕೊಡುವ ಪರೀಕ್ಷೆ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ಆಪ್‌ಡೇಟಾ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ರೋಮಿಂಗ್ ಎಂಬ ಫೋಲ್ಡರ್ ತೆರೆಯುತ್ತದೆ. ಅಲ್ಲಿ, ಅಥವಾ ಅದರ ಪಕ್ಕದ ಲೋಕಲ್ ಫೋಲ್ಡರ್‌ನಲ್ಲಿ, ತಂತ್ರಾಂಶದ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ತಂತ್ರಾಂಶ ಪೂರ್ತಿ ಮುಚ್ಚಿದೆ ಎಂಬುದನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ಖಚಿತಪಡಿಸಿಕೊಂಡು ಆ ಫೋಲ್ಡರ್‌ನ ಹೆಸರಿಗೆ ಹಳೆಯದು ಎಂಬರ್ಥದ ಒಂದು ಪದ ಸೇರಿಸಿ, ಅಳಿಸಬೇಡಿ. ಎಷ್ಟೋ ಕಾಲದಿಂದ ಕೂಡಿಟ್ಟ ಈಕ್ವಲೈಜರ್ ಪ್ರೀಸೆಟ್‌ಗಳು ಅಲ್ಲಿಯೇ ಇರುವುದರಿಂದ ಅಳಿಸಿದವರು ಆಮೇಲೆ ಪರಿತಪಿಸುತ್ತಾರೆ. ಮತ್ತೆ ತೆರೆದಾಗ ತಂತ್ರಾಂಶ ಹೊಸ ಸೆಟ್ಟಿಂಗ್ಸ್ ಬರೆದುಕೊಂಡು ಸರಿಯಾಗಿ ನಡೆದರೆ ದೋಷ ಹಳೆಯ ಕಡತದಲ್ಲಿತ್ತು. ನಡೆಯದಿದ್ದರೆ ಹಳೆಯ ಹೆಸರನ್ನೇ ಮರಳಿ ಕೊಟ್ಟು ಮುಂದಿನ ಪರೀಕ್ಷೆಗೆ ಹೋಗಬಹುದು. ಕೆಲವು ತಂತ್ರಾಂಶಗಳಲ್ಲಿ ಇದಕ್ಕೆ ಮೆನುವಿನಲ್ಲಿಯೇ ವ್ಯವಸ್ಥೆಯಿದೆ. ಉದಾಹರಣೆಗೆ ಅಡಾಸಿಟಿ ಎಂಬ ಎಡಿಟರ್‌ನಲ್ಲಿ ಟೂಲ್ಸ್ ಅಡಿಯಲ್ಲಿ ರೀಸೆಟ್ ಕಾನ್ಫಿಗರೇಶನ್ ಎಂಬ ಆಯ್ಕೆ ಇದೆ. ಆದರೆ ತಂತ್ರಾಂಶ ತೆರೆಯುವುದೇ ಇಲ್ಲವೆಂದಾದಾಗ ಮೆನು ಉಪಯೋಗಕ್ಕೆ ಬರುವುದಿಲ್ಲ.

ಇದಕ್ಕೆ ಪೂರಕವಾದ ಇನ್ನೊಂದು ಪರೀಕ್ಷೆ, ವಿಂಡೋಸ್‌ನಲ್ಲಿ ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಅದರಲ್ಲಿ ತಂತ್ರಾಂಶವನ್ನು ಓಡಿಸುವುದು. ಹೊಸ ಖಾತೆಯಲ್ಲಿ ಸರಿಯಾಗಿ ಓಡಿದರೆ ಡ್ರೈವರ್, ಸಾಧನ, ವಿಂಡೋಸ್ ಕಡತಗಳು ಇವೆಲ್ಲವೂ ಬಹುಪಾಲು ನಿರ್ದೋಷಿಗಳು, ತೊಂದರೆ ನಿಮ್ಮ ಖಾತೆಯೊಳಗಿದೆ ಎಂದು ತಿಳಿಯಬಹುದು. ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರಿಗೆ ಈ ಪರೀಕ್ಷೆ ಇನ್ನೊಂದು ಕಾರಣಕ್ಕೂ ಮುಖ್ಯ. ಖಾತೆಯ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೆ ಬಳಕೆದಾರರ ಫೋಲ್ಡರ್‌ನ ದಾರಿಯಲ್ಲಿಯೂ ಕನ್ನಡ ಅಕ್ಷರಗಳು ಸೇರಿರಬಹುದು, ಯೂನಿಕೋಡ್ ಅನ್ನು ಸರಿಯಾಗಿ ನಿಭಾಯಿಸದ ಹಳೆಯ ತಂತ್ರಾಂಶಗಳೂ ಪ್ಲಗಿನ್‌ಗಳೂ ಆ ದಾರಿಯನ್ನು ಓದಲಾರದೆ ತೆರೆದ ತಕ್ಷಣ ಬೀಳುತ್ತವೆ. ಹೊಸ ಖಾತೆಗೆ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರು ಕೊಟ್ಟು ನೋಡಿದರೆ ವಿಷಯ ಕೂಡಲೇ ತಿಳಿಯುತ್ತದೆ. ಧ್ವನಿ ಕಡತಗಳಿಗೆ ಕನ್ನಡದಲ್ಲಿ ಹೆಸರಿಟ್ಟಾಗಲೂ ಇದೇ ತೊಂದರೆ ಬರಬಹುದು. ತಪ್ಪು ತಂತ್ರಾಂಶ ಬರೆದವರದೇ ಆದರೂ ಪರಿಹಾರ ಸಿಗುವವರೆಗೆ ಹೆಸರು ಬದಲಿಸಿಕೊಳ್ಳುವುದೇ ಪ್ರಾಯೋಗಿಕ.

ಸಾಧನ, ಧ್ವನಿ ಸೇವೆ, ಡ್ರೈವರ್

ಪ್ಲೇ ಅಥವಾ ರೆಕಾರ್ಡ್ ಒತ್ತಿದಾಗ ಬೀಳುವ ತಂತ್ರಾಂಶಗಳಿಗೆ ಮೊದಲ ಚಿಕಿತ್ಸೆ ಸಾಧನಗಳನ್ನು ಕಡಿಮೆ ಮಾಡುವುದು. ಯುಎಸ್‌ಬಿ ಮೈಕ್, ಬ್ಲೂಟೂತ್ ಹೆಡ್‌ಫೋನ್, ಹೊರಗಿನ ಆಡಿಯೋ ಇಂಟರ್‌ಫೇಸ್ ಎಲ್ಲವನ್ನೂ ತೆಗೆದು, ಕಂಪ್ಯೂಟರ್‌ನ ಒಳಗಿನ ಸೌಂಡ್ ಕಾರ್ಡ್ ಒಂದನ್ನೇ ಉಳಿಸಿಕೊಂಡು ತೆರೆದು ನೋಡಿ. ಎಚ್‌ಡಿಎಂಐ ಮಾನಿಟರ್‌ಗೆ ತನ್ನದೇ ಸ್ಪೀಕರ್ ಇದ್ದರೆ ಅದೂ ಒಂದು ಧ್ವನಿ ಸಾಧನವೆಂದು ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಮಾನಿಟರ್ ನಿದ್ರಾಸ್ಥಿತಿಗೆ ಹೋದಾಗ ಆ ಸಾಧನ ಪಟ್ಟಿಯಿಂದ ಕಣ್ಮರೆಯಾಗಬಹುದು; ಕೈಲಿದ್ದ ಸಾಧನ ಇದ್ದಕ್ಕಿದ್ದಂತೆ ಇಲ್ಲವಾದಾಗ ಏನು ಮಾಡಬೇಕೆಂದು ತಿಳಿಯದ ತಂತ್ರಾಂಶ ಬೀಳುತ್ತದೆ. ಸ್ವಲ್ಪ ಹೊತ್ತು ಎದ್ದುಹೋಗಿ ಬಂದಾಗಲೆಲ್ಲ ತಂತ್ರಾಂಶ ಮುಚ್ಚಿಕೊಂಡಿರುತ್ತದೆ ಎನ್ನುವವರು ಮೊದಲು ಇದನ್ನೇ ನೋಡಬೇಕು.

ಬ್ಲೂಟೂತ್ ಹೆಡ್‌ಸೆಟ್‌ಗಳ ಕಥೆಯೂ ಇಂಥದೇ. ಸಂಗೀತ ಕೇಳುವಾಗ ಅವು ಒಂದು ಕ್ರಮದಲ್ಲಿ, ಮೈಕ್ ತೆರೆದ ಕೂಡಲೇ ಮಾತುಕತೆಗೆಂದು ಇರುವ, ಗುಣಮಟ್ಟ ಕಡಿಮೆಯಾದ ಇನ್ನೊಂದು ಕ್ರಮದಲ್ಲಿ ಕೆಲಸ ಮಾಡುವುದು ರೂಢಿ. ಹೀಗೆ ಕ್ರಮ ಬದಲಾಗುವಾಗ ಸ್ಯಾಂಪಲ್ ರೇಟ್ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಲಾಗುತ್ತದೆ ಎಂಬ ಲೆಕ್ಕ) ಕೂಡ ಥಟ್ಟನೆ ಕೆಳಗಿಳಿಯುತ್ತದೆ. ಧ್ವನಿಮುದ್ರಣಕ್ಕೆ ತಂತಿಯ ಮೈಕ್ ಬಳಸಿದರೆ ಈ ತೊಂದರೆ ತಲೆಯೆತ್ತುವುದೇ ಇಲ್ಲ.

ಇದಾದ ಮೇಲೆ ಧ್ವನಿ ಸೇವೆಯನ್ನು ಒಮ್ಮೆ ನಿಲ್ಲಿಸಿ ಆರಂಭಿಸಬಹುದು. ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಎಂದು ಹುಡುಕಿ ತೆರೆದು, ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಎಂಬುದರ ಮೇಲೆ ಬಲಗುಂಡಿ ಒತ್ತಿ ರೀಸ್ಟಾರ್ಟ್ ಕೊಟ್ಟರೆ ಅದನ್ನು ಅವಲಂಬಿಸಿರುವ ವಿಂಡೋಸ್ ಆಡಿಯೋ ಸೇವೆಯೂ ಜೊತೆಗೇ ಮರು ಆರಂಭವಾಗುತ್ತದೆ. ಬಳಿಕ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸಾಧನದ ಗುಣಲಕ್ಷಣಗಳನ್ನು ತೆರೆದು ಮೂರು ಅಂಶಗಳನ್ನು ಪರಿಶೀಲಿಸಿ. ಮೊದಲನೆಯದಾಗಿ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಮತ್ತು ಸ್ಪೇಷಿಯಲ್ ಸೌಂಡ್ ಎರಡನ್ನೂ ಆಫ್ ಮಾಡಿ. ಎನ್‌ಹಾನ್ಸ್‌ಮೆಂಟ್‌ಗಳು ಹೆಚ್ಚಾಗಿ ವಿಂಡೋಸ್‌ನ ಆಡಿಯೋಡಿಜಿ ಎಂಬ ಪ್ರಕ್ರಿಯೆಯೊಳಗೆ ಕೂತು ಧ್ವನಿಯನ್ನು ಮಾರ್ಪಡಿಸುವ ತುಣುಕುಗಳು. ಆ ಪ್ರಕ್ರಿಯೆಯೇ ಬಿದ್ದರೆ ಎಲ್ಲ ತಂತ್ರಾಂಶಗಳ ಧ್ವನಿಯೂ ಒಮ್ಮೆಲೇ ನಿಲ್ಲುತ್ತದೆ, ಇವೆಂಟ್ ವ್ಯೂವರ್‌ನಲ್ಲಿ ಅದರ ಹೆಸರೂ ಕಾಣುತ್ತದೆ. ಎರಡನೆಯದು, ಸ್ಯಾಂಪಲ್ ರೇಟ್: ವಿಂಡೋಸ್‌ನಲ್ಲಿ 48,000 ಹರ್ಟ್ಸ್, ತಂತ್ರಾಂಶದಲ್ಲಿ 44,100 ಹರ್ಟ್ಸ್ ಎಂದಿದ್ದರೆ ಎರಡನ್ನೂ ಒಂದೇ ಮಾಡಿ. ಮೂರನೆಯದು, ಸಾಧನವನ್ನು ಒಂದೇ ತಂತ್ರಾಂಶ ಪೂರ್ತಿ ವಶಕ್ಕೆ ತೆಗೆದುಕೊಳ್ಳಲು ಬಿಡುವ ಎಕ್ಸ್‌ಕ್ಲೂಸಿವ್ ಮೋಡ್. ಪರೀಕ್ಷೆಯ ಮಟ್ಟಿಗಾದರೂ ಅದರ ಗುರುತನ್ನು ತೆಗೆಯಿರಿ.

ಬಫರ್ (ಧ್ವನಿಯನ್ನು ಕಳಿಸುವ ಮುನ್ನ ಸ್ವಲ್ಪ ಹೊತ್ತು ಕೂಡಿಡುವ ಜಾಗ) ಗಾತ್ರವನ್ನು ಬದಲಿಸಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದು ಮುಖ್ಯವಾಗಿ ಧ್ವನಿ ಕಡಿದುಕಡಿದು ಬರುವ ತೊಂದರೆಗೆ ಮದ್ದು, ತಂತ್ರಾಂಶ ಬೀಳುವುದಕ್ಕಲ್ಲ. 48,000 ಹರ್ಟ್ಸ್‌ನಲ್ಲಿ 64 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 1.3 ಮಿಲಿಸೆಕೆಂಡ್, 512 ಎಂದರೆ ಸುಮಾರು 10.7 ಮಿಲಿಸೆಕೆಂಡ್. ಅಳುಕುತ್ತಿರುವ ಡ್ರೈವರ್‌ಗೆ ಈ ಬಿಡುವು ನೆರವಾಗುವುದುಂಟು, ಹಾಗಾಗಿ 512ಕ್ಕೆ ಏರಿಸಿ ನೋಡಲು ಅಡ್ಡಿಯಿಲ್ಲ. ಆದರೆ ಅದರಲ್ಲೇ ಕಾಲ ಕಳೆಯಬೇಡಿ.

ಡ್ರೈವರ್ ಬಗ್ಗೆ ನಿಜವಾಗಿ ತೀರ್ಪು ಕೊಡುವ ಪರೀಕ್ಷೆ ಬೇರೆ ಇದೆ. ಮೊದಲು, ಬೇಕಾದಾಗ ಈಗಿನ ಸ್ಥಿತಿಗೆ ಮರಳಲು ನೆರವಾಗುವ ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಒಂದನ್ನು ಮಾಡಿಟ್ಟುಕೊಳ್ಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ಧ್ವನಿ ಸಾಧನದ ಮೇಲೆ ಬಲಗುಂಡಿ ಒತ್ತಿ ಅಪ್‌ಡೇಟ್ ಡ್ರೈವರ್ ಆಯ್ದು, ಕಂಪ್ಯೂಟರ್‌ನಲ್ಲೇ ಇರುವ ಪಟ್ಟಿಯಿಂದ ಆರಿಸುತ್ತೇನೆ ಎಂಬ ದಾರಿ ಹಿಡಿದರೆ ಹೈ ಡೆಫಿನಿಶನ್ ಆಡಿಯೋ ಡಿವೈಸ್ ಎಂಬ ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್ ಸಿಗುತ್ತದೆ. ಅದನ್ನು ಹಾಕಿದಾಗ ತಯಾರಕರ ವಿಶೇಷ ಸೌಲಭ್ಯಗಳು ಇಲ್ಲವಾಗುತ್ತವೆ, ಆದರೆ ಧ್ವನಿ ಬರುತ್ತದೆ. ಈಗ ನಿಮ್ಮ ಎಡಿಟರ್ ಬೀಳದೆ ನಡೆದರೆ ದೋಷ ತಯಾರಕರ ಡ್ರೈವರ್‌ನದೇ. ಆಗ ತಯಾರಕರ ತಾಣದಿಂದ ಹೊಸ ಆವೃತ್ತಿಯನ್ನು, ಅಥವಾ ತೊಂದರೆ ಶುರುವಾದದ್ದೇ ಹೊಸ ಆವೃತ್ತಿಯಿಂದಾಗಿದ್ದರೆ ರೋಲ್ ಬ್ಯಾಕ್ ಮೂಲಕ ಹಳೆಯದನ್ನು ಹಾಕಿಕೊಳ್ಳಬೇಕು. ಎಲ್ಲ ಡ್ರೈವರ್‌ಗಳನ್ನೂ ತಾನೇ ಹುಡುಕಿ ಹಾಕಿಕೊಡುತ್ತೇನೆ ಎನ್ನುವ ಮೂರನೆಯವರ ತಂತ್ರಾಂಶಗಳನ್ನು ದೂರವಿಡುವುದು ಒಳ್ಳೆಯದು.

ಬೀಳುತ್ತಿರುವುದು ಸೌಂಡ್ ಕಾರ್ಡ್‌ನ ನಿಯಂತ್ರಣ ಫಲಕವೇ ಆಗಿದ್ದರೆ ಇನ್ನೊಂದು ಸಂಗತಿ ತಿಳಿದಿರಬೇಕು. ಹಿಂದೆ ಡ್ರೈವರ್ ಮತ್ತು ಫಲಕ ಒಂದೇ ಪೊಟ್ಟಣದಲ್ಲಿ ಬರುತ್ತಿದ್ದವು. ಈಗಿನ ಡಿಸಿಎಚ್ ಮಾದರಿಯ ಡ್ರೈವರ್‌ಗಳಲ್ಲಿ ಫಲಕವನ್ನು ಡ್ರೈವರ್‌ನಿಂದ ಬೇರ್ಪಡಿಸಿ ಮೈಕ್ರೋಸಾಫ್ಟ್ ಸ್ಟೋರ್ ಮೂಲಕ ಕೊಡಲಾಗುತ್ತದೆ. ರಿಯಲ್‌ಟೆಕ್ ಆಡಿಯೋ ಕನ್ಸೋಲ್ ಇದಕ್ಕೆ ಪರಿಚಿತ ಉದಾಹರಣೆ. ಹೀಗಾಗಿ ಸ್ಟೋರ್ ತನ್ನ ಪಾಡಿಗೆ ಫಲಕವನ್ನು, ವಿಂಡೋಸ್ ಅಪ್‌ಡೇಟ್ ತನ್ನ ಪಾಡಿಗೆ ಡ್ರೈವರನ್ನು ನವೀಕರಿಸಿ ಎರಡರ ನಡುವೆ ಹೊಂದಾಣಿಕೆ ತಪ್ಪಬಹುದು. ಹಳೆಯ ಮಾದರಿಯ ಡ್ರೈವರ್ ಮೇಲೆ ಹೊಸ ಫಲಕ ತೆರೆಯುವುದೇ ಇಲ್ಲ. ಸರ್ವಿಸಸ್ ಪಟ್ಟಿಯಲ್ಲಿ ತಯಾರಕರ ಸೇವೆ ಓಡುತ್ತಿದೆಯೇ ಎಂದು ನೋಡಿ. ಓಡುತ್ತಿದ್ದೂ ಫಲಕ ಬೀಳುತ್ತಿದ್ದರೆ ಸೆಟ್ಟಿಂಗ್ಸ್‌ನ ಆಪ್ಸ್ ವಿಭಾಗದಲ್ಲಿ ಫಲಕದ ಅಡ್ವಾನ್ಸ್ಡ್ ಆಪ್ಶನ್ಸ್ ತೆರೆದು ಮೊದಲು ರಿಪೇರ್, ಅದು ಫಲಿಸದಿದ್ದರೆ ರೀಸೆಟ್ ಒತ್ತಿ. ಈಕ್ವಲೈಜರ್ ಎಪಿಒದಂತಹ, ಧ್ವನಿ ಸೇವೆಯೊಳಗೇ ಸೇರಿಕೊಳ್ಳುವ ತಂತ್ರಾಂಶಗಳು ಡ್ರೈವರ್ ಬದಲಾದಾಗ ತಮ್ಮ ಸ್ಥಾನ ಕಳೆದುಕೊಳ್ಳಬಹುದು. ಅವುಗಳ ಸಾಧನ ಆಯ್ಕೆಯ ಕಿಟಕಿಯನ್ನು ತೆರೆದು ಸಾಧನವನ್ನು ಮತ್ತೆ ಗುರುತಿಸಬೇಕಾಗುತ್ತದೆ.

ಹಳೆಯ ಆಡಿಯೋ ಇಂಟರ್‌ಫೇಸ್‌ಗಳನ್ನು ಇಟ್ಟುಕೊಂಡವರು ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಪುಟವನ್ನೂ ಒಮ್ಮೆ ನೋಡಬೇಕು. ಅಲ್ಲಿನ ಮೆಮೊರಿ ಇಂಟೆಗ್ರಿಟಿ ಆನ್ ಆಗಿದ್ದರೆ ಅದರೊಂದಿಗೆ ಹೊಂದದ ಹಳೆಯ ಡ್ರೈವರ್ ಲೋಡ್ ಆಗುವುದಿಲ್ಲ. ಅದನ್ನು ಆಫ್ ಮಾಡುವುದರಿಂದ ಭದ್ರತೆ ಕುಗ್ಗುತ್ತದೆ. ಹೊಸ ಡ್ರೈವರ್ ಸಿಗುತ್ತದೆಯೇ ಎಂದು ಹುಡುಕುವುದೇ ಸರಿಯಾದ ದಾರಿ.

ಪ್ಲಗಿನ್‌ಗಳು

ಎಡಿಟರ್ ಅಥವಾ ಧ್ವನಿಮುದ್ರಣ ತಂತ್ರಾಂಶ ತೆರೆಯುವಾಗ ಪರಿಚಯದ ಪರದೆಯಲ್ಲಿ ಪ್ಲಗಿನ್‌ಗಳ ಹೆಸರುಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ಯಾವ ಹೆಸರಿನಲ್ಲಿ ನಿಂತು ತಂತ್ರಾಂಶ ಮುಚ್ಚಿಕೊಂಡಿತೋ ಅದನ್ನೇ ಮೊದಲು ಅನುಮಾನಿಸಿ. ಹೆಸರು ಕಣ್ಣಿಗೆ ನಿಲ್ಲದಷ್ಟು ಬೇಗ ಸರಿದುಹೋದರೆ ಮೊಬೈಲ್‌ನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ನೋಡಬಹುದು. ವಿಎಸ್‌ಟಿ3 ಎಂಬ ಮಾದರಿಯ ಪ್ಲಗಿನ್‌ಗಳು ಸಾಮಾನ್ಯವಾಗಿ ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್ ಒಳಗೆ ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3 ಎಂಬ ಫೋಲ್ಡರ್‌ನಲ್ಲಿರುತ್ತವೆ. ಹಳೆಯ ವಿಎಸ್‌ಟಿ2 ಪ್ಲಗಿನ್‌ಗಳಿಗೆ ಹೀಗೊಂದು ಖಚಿತ ಸ್ಥಳವಿಲ್ಲ, ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಕೊಟ್ಟಿರುವ ಫೋಲ್ಡರ್‌ಗಳನ್ನೆಲ್ಲ ನೋಡಬೇಕಾಗುತ್ತದೆ.

ಅನುಮಾನಕ್ಕೆ ಒಂದು ಹೆಸರೂ ಸಿಗದಿದ್ದರೆ ಅರ್ಧಕ್ಕರ್ಧ ಭಾಗ ಮಾಡುವ ವಿಧಾನವನ್ನು ಅನುಸರಿಸಿ. ಎಲ್ಲ ಪ್ಲಗಿನ್‌ಗಳನ್ನೂ ಮೂಲ ಫೋಲ್ಡರ್‌ನಿಂದ ಹೊರಗೆ, ತಂತ್ರಾಂಶ ಹುಡುಕದ ಜಾಗಕ್ಕೆ ಸಾಗಿಸಿ ತೆರೆಯಿರಿ. ಬೀಳದಿದ್ದರೆ ಅರ್ಧದಷ್ಟನ್ನು ಮರಳಿ ತನ್ನಿ. ಈಗ ಬಿದ್ದರೆ ದೋಷಿ ಈ ಅರ್ಧದಲ್ಲಿದೆ, ಬೀಳದಿದ್ದರೆ ಹೊರಗಿರುವ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಎರಡು ಮಾಡಿ. ದೋಷಿ ಒಂದೇ ಆಗಿದ್ದರೆ 32 ಪ್ಲಗಿನ್‌ಗಳ ನಡುವೆ ಅದನ್ನು ಹಿಡಿಯಲು ಹೀಗೆ 5 ಸುತ್ತು, 64ರ ನಡುವೆ 6 ಸುತ್ತು ಸಾಕು. ಒಂದೊಂದಾಗಿ ತೆಗೆದು ನೋಡುವವರಿಗೆ ಇಡೀ ದಿನ ಹೋಗುತ್ತದೆ. 32 ಬಿಟ್ ಪ್ಲಗಿನ್‌ಗಳನ್ನು 64 ಬಿಟ್ ತಂತ್ರಾಂಶ ನೇರವಾಗಿ ಓಡಿಸಲಾರದು. ನಡುವೆ ಸೇತುವೆಯಂಥ ಒಂದು ವ್ಯವಸ್ಥೆ ಬೇಕು, ಅದೇ ಮುರಿದುಬೀಳುವ ಜಾಗ. ಅಂಥ ಹಳೆಯ ಪ್ಲಗಿನ್‌ಗೆ 64 ಬಿಟ್ ಆವೃತ್ತಿ ಇದ್ದರೆ ಬದಲಿಸಿ, ಇಲ್ಲದಿದ್ದರೆ ಅದರ ಮೋಹ ಬಿಡುವುದೇ ಮೇಲು.

ಕಡತವೇ ಕೆಟ್ಟಿದ್ದರೆ

ತಂತ್ರಾಂಶದಲ್ಲೇ ಸೃಷ್ಟಿಸಿದ ಕೆಲವು ಸೆಕೆಂಡುಗಳ ಟೋನ್ ಸರಿಯಾಗಿ ನುಡಿದು, ನಿಮ್ಮ ಧ್ವನಿಮುದ್ರಿಕೆ ಮಾತ್ರ ತಂತ್ರಾಂಶವನ್ನು ಬೀಳಿಸುತ್ತಿದ್ದರೆ ಡ್ರೈವರ್ ಹುಡುಕಾಟ ನಿಲ್ಲಿಸಿ ಕಡತದ ಗಾತ್ರ ನೋಡಿ. ಸಾಮಾನ್ಯ ಡಬ್ಲ್ಯುಎವಿ ಕಡತ ತನ್ನ ಗಾತ್ರವನ್ನು 32 ಬಿಟ್ ಸಂಖ್ಯೆಯಲ್ಲಿ ಬರೆದಿಡುವುದರಿಂದ 4 ಜಿಬಿ ದಾಟಲಾರದು. 44,100 ಹರ್ಟ್ಸ್, 16 ಬಿಟ್, ಸ್ಟೀರಿಯೋ ಧ್ವನಿಮುದ್ರಣ ಸೆಕೆಂಡಿಗೆ 1,76,400 ಬೈಟ್ ತೆಗೆದುಕೊಳ್ಳುತ್ತದೆ, ಆ ಲೆಕ್ಕದಲ್ಲಿ ಸುಮಾರು ಆರೂಮುಕ್ಕಾಲು ಗಂಟೆಗೆ ಮಿತಿ ಮುಟ್ಟುತ್ತದೆ. 32 ಬಿಟ್ ಫ್ಲೋಟ್‌ನಲ್ಲಿ ಮುದ್ರಿಸಿದರೆ ಮೂರೂಕಾಲು ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ. ಇಡೀ ದಿನದ ಕಾರ್ಯಕ್ರಮ ಮುದ್ರಿಸುವವರು ಈ ಮಿತಿ ಇಲ್ಲದ ಆರ್‌ಎಫ್64 ಅಥವಾ ಫ್ಲ್ಯಾಕ್ ಮಾದರಿಯನ್ನು ಆರಿಸಿಕೊಳ್ಳಬೇಕು. ಪ್ರಾಜೆಕ್ಟ್ ಕಡತಗಳು ಕ್ಲೌಡ್ ಜೊತೆ ಹೊಂದಿಸಿದ ಫೋಲ್ಡರ್‌ನಲ್ಲಿದ್ದರೆ ಕಂಪ್ಯೂಟರ್‌ನಲ್ಲಿ ಹೆಸರು ಮಾತ್ರ ಇದ್ದು ಒಳಗಿನ ದತ್ತಾಂಶ ಇಳಿದೇ ಇರದಿರಬಹುದು. ಅವುಗಳ ಒಂದು ಪ್ರತಿಯನ್ನು ಸಾಮಾನ್ಯ ಫೋಲ್ಡರ್‌ಗೆ ತಂದು ತೆರೆದು ನೋಡಿ. ಯಾವ ಪ್ರಯೋಗವನ್ನಾದರೂ ಪ್ರತಿಯ ಮೇಲೆಯೇ ಮಾಡಿ, ಮೂಲವನ್ನು ಮುಟ್ಟಬೇಡಿ.

ಸುತ್ತಲಿನ ಕಾರಣಗಳು

ಇಷ್ಟರಲ್ಲಿ ಕಾರಣ ಸಿಗದಿದ್ದರೆ ತಂತ್ರಾಂಶದ ಸುತ್ತಲಿನದನ್ನು ನೋಡಬೇಕು. ಆಟಗಳ ಮೇಲೆ ಪದರ ಹೊದಿಸುವ ತಂತ್ರಾಂಶಗಳು, ಪರದೆ ಮುದ್ರಿಸುವವು, ಮದರ್‌ಬೋರ್ಡ್ ಜೊತೆಗೆ ಬರುವ ಧ್ವನಿ ಅಲಂಕಾರದ ತಂತ್ರಾಂಶಗಳು ತಮ್ಮ ಡಿಎಲ್‌ಎಲ್ ಕಡತವನ್ನು ಬೇರೆ ತಂತ್ರಾಂಶಗಳೊಳಗೆ ತೂರಿಸುವುದುಂಟು. ಇದನ್ನು ಪರೀಕ್ಷಿಸಲು ಎಂಎಸ್‌ಕಾನ್‌ಫಿಗ್ (ಸಿಸ್ಟಮ್ ಕಾನ್ಫಿಗರೇಶನ್) ತೆರೆದು, ಸರ್ವಿಸಸ್ ಪುಟದಲ್ಲಿ ಮೈಕ್ರೋಸಾಫ್ಟ್ ಸೇವೆಗಳನ್ನು ಮರೆಮಾಡುವ ಗುರುತನ್ನು ಮೊದಲು ಹಾಕಿ, ಉಳಿದವನ್ನು ನಿಷ್ಕ್ರಿಯಗೊಳಿಸಿ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನೂ ಖಾಲಿ ಮಾಡಿ ಕಂಪ್ಯೂಟರನ್ನು ಮರು ಆರಂಭಿಸಿ. ಈ ಸ್ಥಿತಿಯಲ್ಲಿ ಸೌಂಡ್ ಕಾರ್ಡ್ ತಯಾರಕರ ಸೇವೆಯೂ ನಿಂತಿರುವುದರಿಂದ ಅದರ ಫಲಕ ತೆರೆಯದಿರುವುದು ಸಹಜ. ಅದನ್ನು ಹೊಸ ದೋಷವೆಂದು ಭಾವಿಸಬೇಡಿ.

ವಿಂಡೋಸ್ ಸೆಕ್ಯುರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಆಗಿದ್ದರೆ ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಬರೆಯಲು ಹೊರಟ ತಂತ್ರಾಂಶಕ್ಕೆ ತಡೆ ಬೀಳುತ್ತದೆ. ಪ್ರೈವಸಿ ವಿಭಾಗದಲ್ಲಿ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಮೈಕ್ ಅನುಮತಿ ಇಲ್ಲದಿದ್ದರೂ ಕೆಲವು ತಂತ್ರಾಂಶಗಳು ಅದನ್ನು ತಿಳಿಸುವ ಬದಲು ಬಿದ್ದುಬಿಡುತ್ತವೆ. ಲೈಬ್ರರಿ ಸಿಗಲಿಲ್ಲ ಎಂಬ ಸೂಚನೆ ಇದ್ದರೆ ಮೈಕ್ರೋಸಾಫ್ಟ್‌ನ ತಾಣದಿಂದಲೇ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್‌ನ 32 ಬಿಟ್ ಮತ್ತು 64 ಬಿಟ್ ಎರಡೂ ಪೊಟ್ಟಣಗಳನ್ನು ಹಾಕಿ. 64 ಬಿಟ್ ವಿಂಡೋಸ್‌ನಲ್ಲಿಯೂ 32 ಬಿಟ್ ತಂತ್ರಾಂಶಕ್ಕೆ 32 ಬಿಟ್‌ನದೇ ಬೇಕು. ಧ್ವನಿ ತಂತ್ರಾಂಶ ಮಾತ್ರವಲ್ಲದೆ ಬ್ರೌಸರ್, ಆಟ ಎಲ್ಲವೂ ಆಗಾಗ ಬೀಳುತ್ತಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ ರ‍್ಯಾಮ್ ಪರೀಕ್ಷಿಸಿ, ಆಮೇಲೆ ಡಿಐಎಸ್‌ಎಂ ಮತ್ತು ಎಸ್‌ಎಫ್‌ಸಿ ಆದೇಶಗಳಿಂದ ವಿಂಡೋಸ್ ಕಡತಗಳನ್ನು ಸರಿಪಡಿಸಿ. ಒಂದೇ ತಂತ್ರಾಂಶ ಬೀಳುತ್ತಿರುವಾಗ ಈ ಎರಡು ಆದೇಶಗಳಿಂದ ಲಾಭವಾಗುವುದು ಅಪರೂಪ, ಆದರೂ ಎಲ್ಲರೂ ಮೊದಲು ಸೂಚಿಸುವುದು ಇವನ್ನೇ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ಕನ್ಸೋಲ್ ತಂತ್ರಾಂಶ ತೆರೆದರೆ ಕ್ರ್ಯಾಶ್ ರಿಪೋರ್ಟ್ಸ್ ಎಂಬ ಪಟ್ಟಿ ಸಿಗುತ್ತದೆ. ವರದಿಯಲ್ಲಿ ಕ್ರ್ಯಾಶ್ಡ್ ಎಂದು ಗುರುತಿಸಿದ ಥ್ರೆಡ್‌ನ (ತಂತ್ರಾಂಶದೊಳಗಿನ ಒಂದು ಕೆಲಸದ ಎಳೆ) ಮೊದಲ ಕೆಲವು ಸಾಲುಗಳಲ್ಲಿ ಯಾವ ಪ್ಲಗಿನ್ ಹೆಸರಿದೆ ಎಂದು ನೋಡಬೇಕು. ಎಲ್ಲ ತಂತ್ರಾಂಶಗಳಲ್ಲೂ ಧ್ವನಿ ತಪ್ಪಿದರೆ ಆಕ್ಟಿವಿಟಿ ಮಾನಿಟರ್‌ನಲ್ಲಿ ಕೋರ್‌ಆಡಿಯೋಡಿ ಎಂಬ ಪ್ರಕ್ರಿಯೆಯನ್ನು ನಿಲ್ಲಿಸಿ, ಅದು ತಾನಾಗಿ ಮತ್ತೆ ಶುರುವಾಗುತ್ತದೆ. 2019ರ ಕ್ಯಾಟಲೀನಾ ಎಂಬ ಮ್ಯಾಕ್‌ಒಎಸ್ ಆವೃತ್ತಿಯಿಂದ ಈಚೆಗೆ 32 ಬಿಟ್ ತಂತ್ರಾಂಶಗಳು ಓಡುವುದೇ ಇಲ್ಲ. ಆಪಲ್ ಸಿಲಿಕಾನ್ ಕಂಪ್ಯೂಟರ್‌ಗಳಲ್ಲಿ ಇಂಟೆಲ್‌ಗೆಂದು ಬರೆದ ಪ್ಲಗಿನ್ ಇದ್ದರೆ ಮುಖ್ಯ ತಂತ್ರಾಂಶವನ್ನು ರೊಸೆಟ್ಟಾ (ಇಂಟೆಲ್‌ಗೆಂದು ಬರೆದದ್ದನ್ನು ಓಡಿಸುವ ಆಪಲ್‌ನ ಅನುವಾದಕ ವ್ಯವಸ್ಥೆ) ಮೂಲಕ ತೆರೆದು ವ್ಯತ್ಯಾಸ ನೋಡಿ.

ಲಿನಕ್ಸ್‌ನಲ್ಲಿ ತಂತ್ರಾಂಶವನ್ನು ಟರ್ಮಿನಲ್‌ನಿಂದ ತೆರೆಯುವುದೇ ಮೊದಲ ಹೆಜ್ಜೆ, ಏಕೆಂದರೆ ದೋಷದ ಸಂದೇಶ ನೇರವಾಗಿ ಅಲ್ಲಿಯೇ ಬೀಳುತ್ತದೆ. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಇರುವ ಕಡೆಗಳಲ್ಲಿ ಕೋರ್‌ಡಂಪ್‌ಸಿಟಿಎಲ್ ಎಂಬ ಆದೇಶ ಹಿಂದಿನ ಕ್ರ್ಯಾಶ್‌ಗಳ ಪಟ್ಟಿಯನ್ನು ಕೊಡುತ್ತದೆ, ಅದನ್ನು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಬೇಕಾಗಿ ಬರಬಹುದು. ಇತ್ತೀಚಿನ ವಿತರಣೆಗಳಲ್ಲಿ ಪಲ್ಸ್‌ಆಡಿಯೋ ಎಂಬ ಹಳೆಯ ಧ್ವನಿ ಸೇವೆಯ ಜಾಗಕ್ಕೆ ಪೈಪ್‌ವೈರ್ ಬಂದಿರುವುದರಿಂದ ಎರಡೂ ಒಟ್ಟಿಗೆ ಓಡುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ.

ತಯಾರಕರಿಗೆ ವರದಿ

ದೋಷ ತಂತ್ರಾಂಶದಲ್ಲೇ ಇದೆ ಎಂದು ಖಚಿತವಾದರೆ ಬರೆದವರಿಗೆ ತಿಳಿಸಬೇಕು. ಕೆಲಸ ಮಾಡುತ್ತಿಲ್ಲ ಎಂಬ ಒಂದು ಸಾಲಿನಿಂದ ಅವರಿಗೆ ಏನೂ ತಿಳಿಯದು. ತಂತ್ರಾಂಶದ ಆವೃತ್ತಿ, ವಿಂಡೋಸ್‌ನ ಆವೃತ್ತಿ ಮತ್ತು ಬಿಲ್ಡ್ ಸಂಖ್ಯೆ, ಸಾಧನ ಹಾಗೂ ಡ್ರೈವರ್‌ನ ಆವೃತ್ತಿ, 1000 ಸಂಖ್ಯೆಯ ಇವೆಂಟ್‌ನ ಪೂರ್ತಿ ಪಠ್ಯ, ಯಾವ ಕ್ರಮದಲ್ಲಿ ಏನು ಮಾಡಿದರೆ ತಂತ್ರಾಂಶ ಬೀಳುತ್ತದೆ ಎಂಬ ವಿವರ, ಈವರೆಗೆ ಯಾವ ಪರೀಕ್ಷೆಗಳಿಂದ ಏನು ತಿಳಿಯಿತು ಎಂಬುದು ಇಷ್ಟನ್ನು ಬರೆಯಿರಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ತಬ್ಧವಾಗಿ ನಿಂತ ತಂತ್ರಾಂಶದ ಮೇಲೆ ಬಲಗುಂಡಿ ಒತ್ತಿದರೆ ಸ್ಮೃತಿಯ ಡಂಪ್ ಕಡತವನ್ನು ಸೃಷ್ಟಿಸುವ ಆಯ್ಕೆ ಸಿಗುತ್ತದೆ. ತಯಾರಕರು ಕೇಳಿದರೆ ಅದನ್ನು ಕಳಿಸಬಹುದು. ಆದರೆ ಆ ಕಡತದಲ್ಲಿ ತೆರೆದಿದ್ದ ಕಡತಗಳ ಹೆಸರು, ಖಾತೆಯ ಹೆಸರು, ಕೆಲವೊಮ್ಮೆ ಒಳಗಿನ ದತ್ತಾಂಶದ ತುಣುಕುಗಳೂ ಇರುವುದರಿಂದ ಎಲ್ಲರೂ ಇಳಿಸಿಕೊಳ್ಳಬಹುದಾದ ಜಾಗದಲ್ಲಿ ಅದನ್ನು ಹಾಕದೆ, ತಯಾರಕರು ಕೊಟ್ಟ ಖಾಸಗಿ ವಿಳಾಸಕ್ಕೆ ಮಾತ್ರ ಕಳಿಸಿ.